ಬೀದಿಯ ಮಗು ಮತ್ತು ಅಭಯದಾನ

ದಾನವು ಶ್ರಾವಕನ ಷಟ್ಕರ್ಮಗಳಲ್ಲಿ ಒಂದೆಂಬುದು ಎಲ್ಲರಿಗೂ ತಿಳಿದ ವಿಷಯ. ಅದು ನಾಲ್ಕು ಬಗೆಯದೆಂದೂ, ಆಹಾರ, ಔಷಧ, ಶಾಸ್ತ್ರ, ಅಭಯ ಎಂಬಿವೇ ಆ ನಾಲ್ಕೆಂದೂ ಮನೆಯ ಹಿರಿಯರು ಮಕ್ಕಳಿಗೆ ಹೇಳಿಕೊಡುತ್ತ ಬಂದಿದ್ದಾರೆ. ಆದರೆ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ತೆರೆದು ನೋಡಿದರೆ, ವೈಯಾವೃತ್ಯದ ಪ್ರಕರಣದಲ್ಲಿ ಎಣಿಸಿರುವ ನಾಲ್ಕು ಸ್ವಲ್ಪ ಬೇರೆಯಾಗಿವೆ: ಆಹಾರ, ಔಷಧ, ಉಪಕರಣ ಮತ್ತು ಆವಾಸ. ಉಪಕರಣದಲ್ಲಿ ಶಾಸ್ತ್ರವು ಅಡಕವಾಗುತ್ತದೆ. ಹೀಗಾಗಿ ಒಂದು ಪಟ್ಟಿಯಲ್ಲಿ ‘ಅಭಯ’ ಇರುವ ಸ್ಥಾನದಲ್ಲಿ ಇನ್ನೊಂದು ಪಟ್ಟಿಯಲ್ಲಿ ‘ಆವಾಸ’ ನಿಂತಿದೆ. ತ್ಯಾಗಿಗಳ ವಿಷಯದಲ್ಲಿ ಇವೆರಡಕ್ಕೂ ವಿರೋಧವಿಲ್ಲ. ವಿಹಾರ ಮಾಡುತ್ತ ಬಂದ ಮುನಿಗೆ ನಿರ್ಬಾಧವಾದ ವಸತಿಯನ್ನು ಒದಗಿಸಿದರೆ ಅದೇ ಅಭಯವಾಗುತ್ತದೆ. ಆದರೆ ಮನೆ ಬಿಟ್ಟು ಬೀದಿಗೆ ಬಂದ ಮಗುವಿನ ವಿಷಯದಲ್ಲಿ ಆವಾಸವೂ ಅಭಯವೂ ಒಂದೇ ಎಂದು ಹೇಳಬಹುದೇ? ಸೂರು ಕೊಟ್ಟೊಡನೆ ಭಯ ಹೋಯಿತೆಂದು ತಿಳಿಯಬಹುದೇ?

ಇದು ಬರಿಯ ಶಬ್ದಚರ್ಚೆಯಾಗಿ ಉಳಿಯುವ ಪ್ರಶ್ನೆಯಲ್ಲ. ಅನಾಥ ಮಕ್ಕಳಿಗಾಗಿ ಏನಾದರೂ ಮಾಡಬೇಕೆಂಬ ಸದ್ಭಾವನೆ ಬಂದಾಗ ಧರ್ಮಸಂಸ್ಥೆಗಳ ಮನಸ್ಸು ಮೊದಲು ಹರಿಯುವುದು ಕಟ್ಟಡದ ಕಡೆಗೆ. ನಿವೇಶನ, ನಕ್ಷೆ, ಶಿಲಾನ್ಯಾಸ, ಕೊಠಡಿಗೊಬ್ಬ ದಾನಿ, ದ್ವಾರದಲ್ಲಿ ಅಮೃತಶಿಲೆಯ ಫಲಕ ಎಂಬ ಕ್ರಮವು ಎಲ್ಲರಿಗೂ ಪರಿಚಿತವಾದದ್ದು. ಆ ಕಟ್ಟಡದಲ್ಲಿ ಮಲಗುವ ಮಗುವಿಗೆ ಎಲ್ಲಿಯೋ ಒಂದು ಊರಿನಲ್ಲಿ ತಾಯಿ ಇದ್ದಾಳೆ, ಅವಳು ಇನ್ನೂ ಬಾಗಿಲು ನೋಡುತ್ತಿದ್ದಾಳೆ ಎಂಬ ಸಂಗತಿಯು ಈ ಯೋಜನೆಯಲ್ಲಿ ಎಲ್ಲಿಯೂ ಬರುವುದಿಲ್ಲ. ಬೀದಿಯಲ್ಲಿ ಸಿಕ್ಕ ಮಗುವೆಲ್ಲ ಅನಾಥವೆಂಬ ಎಣಿಕೆಯೇ ಈ ತಪ್ಪಿಗೆ ಮೂಲ. ವಾಸ್ತವವಾಗಿ ಅಂತಹ ಮಕ್ಕಳಲ್ಲಿ ಬಹುಪಾಲಿನವರಿಗೆ ತಾಯಿಯೋ ತಂದೆಯೋ ಇಬ್ಬರೂ ಇದ್ದಾರೆ.

ರೈಲು ನಿಲ್ದಾಣಗಳ ಲೆಕ್ಕವು ಇದನ್ನು ತೋರಿಸುತ್ತದೆ. ರೈಲ್ವೆ ರಕ್ಷಣಾ ದಳವು ‘ನನ್ಹೇ ಫರಿಶ್ತೇ’ ಎಂಬ ಕಾರ್ಯಕ್ರಮದ ಅಡಿಯಲ್ಲಿ 2018ರಿಂದ 2024ರ ಮೇ ತಿಂಗಳವರೆಗೆ ದೇಶದ ನಿಲ್ದಾಣಗಳಲ್ಲಿಯೂ ಗಾಡಿಗಳಲ್ಲಿಯೂ 84,119 ಮಕ್ಕಳನ್ನು ಗುರುತಿಸಿ ರಕ್ಷಿಸಿತು. 2018ರ ಒಂದೇ ವರ್ಷದಲ್ಲಿ 17,112 ಮಕ್ಕಳು ಸಿಕ್ಕರು. ಅವರಲ್ಲಿ 13,187 ಮಂದಿ ಮನೆ ಬಿಟ್ಟು ಓಡಿಬಂದವರು. ಎಂದರೆ, ಓಡಿಬರುವುದಕ್ಕೆ ಅವರಿಗೊಂದು ಮನೆ ಇತ್ತು. 2020ರಲ್ಲಿ ಈ ಸಂಖ್ಯೆ 5,011ಕ್ಕೆ ಇಳಿಯಿತು. ಸಾಂಕ್ರಾಮಿಕದ ಕಾಲದಲ್ಲಿ ಗಾಡಿಗಳು ನಿಂತಿದ್ದವು ಎಂಬುದೇ ಅದರ ಕಾರಣವೆಂದು ತಿಳಿಯಬೇಕಲ್ಲದೆ, ಮನೆಗಳಲ್ಲಿ ಶಾಂತಿ ನೆಲಸಿತೆಂದು ತಿಳಿಯಲಾಗದು. ಗಾಡಿಗಳು ಓಡತೊಡಗಿದ ಮೇಲೆ 2022ರಲ್ಲಿ ಸಂಖ್ಯೆಯು 17,756ಕ್ಕೆ ಏರಿತು.

ಬೀದಿಯ ಮಕ್ಕಳೆಂದು ಕರೆಯಲ್ಪಡುವವರೆಲ್ಲರೂ ಒಂದೇ ಬಗೆಯವರಲ್ಲ. ಕುಟುಂಬವೇ ಕಾಲುದಾರಿಯ ಮೇಲೆ ಬಾಳುತ್ತಿರುವಾಗ ಅದರೊಡನೆ ಇರುವ ಮಕ್ಕಳು ಕೆಲವರು. ಹಗಲೆಲ್ಲ ಬೀದಿಯಲ್ಲಿ ದುಡಿದು ಇರುಳಿಗೆ ಗುಡಿಸಲಿಗೆ ಮರಳುವವರು ಕೆಲವರು. ಮನೆಯ ಸಂಬಂಧವನ್ನೇ ಕಡಿದುಕೊಂಡು ಒಂಟಿಯಾಗಿ ಬಂದವರು ಇನ್ನು ಕೆಲವರು. ಮೊದಲಿನ ಎರಡು ಬಗೆಯವರಿಗೆ ಬೇಕಾದದ್ದು ಹೆತ್ತವರಿಗೆ ಕೆಲಸ, ವಸತಿ ಮತ್ತು ಮಕ್ಕಳಿಗೆ ಶಾಲೆ. ಮೂರನೆಯ ಬಗೆಯವರೇ ಇಲ್ಲಿಯ ವಿಚಾರಕ್ಕೆ ವಿಷಯ.

ಈ ಮಕ್ಕಳು ಏಕೆ ಬರುತ್ತಾರೆ? ಪಟ್ಟಣದ ಬೆರಗು, ಸಿನಿಮಾದ ಆಸೆ, ಗೆಳೆಯರ ಮಾತು, ಪರೀಕ್ಷೆಯ ಭಯ ಮುಂತಾದ ಕಾರಣಗಳೂ ಉಂಟು. ಆದರೆ ಬಹಳಷ್ಟು ಕಾರಣಗಳನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿಯೇ ಕಾಣಬಹುದು. ಅಹಿಂಸಾಣುವ್ರತಕ್ಕೆ ಅಲ್ಲಿ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿದ ಭಾರ ಹೊರಿಸುವುದು, ಉಣ್ಣಲು ಕುಡಿಯಲು ಕೊಡದಿರುವುದು. ಇವನ್ನು ವಿವರಿಸುವಾಗ ಸಾಮಾನ್ಯವಾಗಿ ಎತ್ತು, ಕುದುರೆ ಮೊದಲಾದ ಪಶುಗಳ ಉದಾಹರಣೆಯನ್ನು ಕೊಡುವುದುಂಟು. ಆದರೆ ಪ್ಲಾಟ್‌ಫಾರಂನ ಮೇಲೆ ಕುಳಿತ ಹುಡುಗನನ್ನು ಸಮಾಧಾನದಿಂದ ಮಾತನಾಡಿಸಿದರೆ ಅವನ ಬಾಯಿಂದ ಬರುವುದೂ ಬಹುಮಟ್ಟಿಗೆ ಇದೇ ಪಟ್ಟಿ. ಕುಡಿದು ಬಂದ ತಂದೆ ಹೊಡೆದದ್ದು. ತಪ್ಪಿಗೆ ಶಿಕ್ಷೆಯೆಂದು ಕೋಣೆಯಲ್ಲಿ ಕೂಡಿಹಾಕಿದ್ದು. ಮುಂಗಡ ಸಾಲಕ್ಕಾಗಿ ಇಟ್ಟಿಗೆ ಗೂಡಿನಲ್ಲೋ ಹೋಟೆಲಿನಲ್ಲೋ ದುಡಿಯಲು ಬಿಟ್ಟದ್ದು. ಮಲತಾಯಿಯೋ ಮಲತಂದೆಯೋ ಊಟಕ್ಕೆ ಕರೆಯದೆ ಹೋದದ್ದು. ಗಾಳಿಸಿದ ನೀರನ್ನು ಕುಡಿಯುವ ಮನೆಯಲ್ಲಿಯೂ ಅಂಕಪಟ್ಟಿ ಬಂದ ದಿನ ಮಗುವಿನ ಬೆನ್ನ ಮೇಲೆ ಬೆತ್ತ ಆಡುವುದುಂಟಾದರೆ, ಆ ಮನೆಯೂ ಈ ವಿಚಾರದಿಂದ ಹೊರಗುಳಿಯಲಾರದು.

ಮನೆಯನ್ನು ಬಿಡುವುದು ಜೈನರಿಗೆ ಅಪರಿಚಿತವಾದ ಸಂಗತಿಯಲ್ಲ. ಗೃಹತ್ಯಾಗವನ್ನು ಗೌರವಿಸುವ ಪರಂಪರೆ ಅವರದು. ಆದರೆ ಆ ತ್ಯಾಗಕ್ಕೂ ಒಂದು ಮರ್ಯಾದೆಯಿದೆ. ಶ್ರಾಮಣ್ಯವನ್ನು ಬಯಸುವವನು ಬಂಧುವರ್ಗದಿಂದ ಬೀಳ್ಕೊಂಡು, ಹಿರಿಯರಿಂದಲೂ ಹೆಂಡತಿ ಮಕ್ಕಳಿಂದಲೂ ಬಿಡುಗಡೆ ಪಡೆದು ಹೊರಡಬೇಕೆಂದು ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಹೇಳಿದ್ದಾರೆ. ತಾಯಿತಂದೆಗಳು ಬದುಕಿರುವವರೆಗೆ ಮನೆಯನ್ನು ಬಿಡೆನೆಂದು ವರ್ಧಮಾನನು ಗರ್ಭದಲ್ಲಿಯೇ ಸಂಕಲ್ಪಿಸಿದನೆಂದು ಶ್ವೇತಾಂಬರ ಪರಂಪರೆಯ ಕಲ್ಪಸೂತ್ರ ಹೇಳುತ್ತದೆ. ತ್ಯಾಗಿಯು ಹೇಳಿ ಹೊರಡುತ್ತಾನೆ. ಮಗುವು ಹೇಳದೆ ಓಡುತ್ತದೆ. ಒಂದರ ಹಿಂದೆ ಇರುವುದು ವೈರಾಗ್ಯ, ಇನ್ನೊಂದರ ಹಿಂದೆ ಇರುವುದು ಭಯ. ಆದುದರಿಂದ ಓಡಿಬಂದ ಮಗುವಿಗೆ ಸಲ್ಲಬೇಕಾದ ದಾನವು ಆ ಭಯವನ್ನು ನೀಗಿಸುವಂಥದ್ದಾಗಬೇಕು. ಸೂರು ಅದಕ್ಕೆ ಸಾಧನವಾಗಬಹುದು. ಅಷ್ಟರಿಂದಲೇ ದಾನ ಮುಗಿಯುವುದಿಲ್ಲ.

ಈ ಕೆಲಸದಲ್ಲಿ ಕಾಲವು ಬಹಳ ಮುಖ್ಯ. ಮೊದಲ ದಿನ ಗಾಡಿಯಿಂದಿಳಿದ ಮಗುವಿಗೆ ಹಸಿವು, ಅಳು, ತಾಯಿಯ ನೆನಪು ಎಲ್ಲವೂ ಇರುತ್ತವೆ. ಆ ಹೊತ್ತಿನಲ್ಲಿ ನಂಬಿಕೆಗೆ ತಕ್ಕ ಒಬ್ಬರು ಸಿಕ್ಕರೆ ಊರಿನ ಹೆಸರನ್ನೂ ತಂದೆಯ ಹೆಸರನ್ನೂ ಹೇಳುತ್ತದೆ. ದಿನಗಳು ಕಳೆದಂತೆ ಬೇರೆ ಪಾಠಗಳು ಆರಂಭವಾಗುತ್ತವೆ. ಖಾಲಿ ನೀರಿನ ಬಾಟಲಿ ಆಯ್ದು ಮಾರಿದರೆ ಹಣ ಬರುತ್ತದೆ. ಪಂಕ್ಚರ್ ಅಂಟಿಸುವ ಸೊಲ್ಯೂಷನ್ನನ್ನು ಬಟ್ಟೆಗೆ ಸವರಿ ಮೂಸಿದರೆ ಹಸಿವೂ ಚಳಿಯೂ ಮರೆಯುತ್ತವೆ. ಹಿರಿಯ ಹುಡುಗರ ಗುಂಪಿಗೆ ಸೇರಿದರೆ ಹೊಡೆತವೂ ಉಂಟು, ರಕ್ಷಣೆಯೂ ಉಂಟು. ತನ್ನ ಗಳಿಕೆಯನ್ನು ತಾನೇ ಖರ್ಚು ಮಾಡುವ, ಯಾರ ಮಾತನ್ನೂ ಕೇಳಬೇಕಿಲ್ಲದ ಒಂದು ಸ್ವಾತಂತ್ರ್ಯದ ರುಚಿಯೂ ಹತ್ತುತ್ತದೆ. ಅಂತಹ ಮಗು ಊರನ್ನು ಕೇಳಿದರೆ ಸುಳ್ಳು ಹೇಳುತ್ತದೆ. ಹೆಣ್ಣುಮಗುವಾದರೆ ಅಪಾಯವು ದಿನಗಳ ಲೆಕ್ಕದಲ್ಲಲ್ಲ, ಗಂಟೆಗಳ ಲೆಕ್ಕದಲ್ಲಿರುತ್ತದೆ. ಕೆಲಸ ಕೊಡಿಸುವೆನೆಂದು ಕೈಹಿಡಿದು ಕರೆದೊಯ್ಯುವವರು ಅಲ್ಲಿಯೇ ಕಾದಿರುತ್ತಾರೆ.

ಇದನ್ನು ಅರಿತು ಕೆಲಸ ಮಾಡಿದ ಸಂಸ್ಥೆಗಳು ಕರ್ನಾಟಕದಲ್ಲಿಯೇ ಹುಟ್ಟಿವೆ. ‘ಬೆಂಗಳೂರು ಓಣಿಯವರ ಸೇವಾ ಕೂಟ’ ಎಂಬ ಅಚ್ಚಗನ್ನಡ ಹೆಸರಿನ, ಬಾಸ್ಕೊ ಎಂದು ಪ್ರಸಿದ್ಧವಾದ ಸಂಸ್ಥೆಯು 1980ರಿಂದ ರಾಜಧಾನಿಯ ಬೀದಿಗಳಲ್ಲಿ ಮಕ್ಕಳ ನಡುವೆ ದುಡಿಯುತ್ತ ಬಂದಿತು. 1992ರಲ್ಲಿ ರಾಯಚೂರಿನಲ್ಲಿ ಆರಂಭವಾದ ‘ಸಾಥಿ’ ಸಂಸ್ಥೆಯು ರೈಲು ನಿಲ್ದಾಣದ ಮಕ್ಕಳನ್ನೇ ತನ್ನ ಮುಖ್ಯ ಕೆಲಸವಾಗಿ ಆರಿಸಿಕೊಂಡಿತು. ಮಗುವನ್ನು ವರ್ಷಗಟ್ಟಲೆ ಆಶ್ರಮದಲ್ಲಿ ಇಟ್ಟುಕೊಳ್ಳುವುದಕ್ಕಿಂತ ಬೇಗನೆ ಮಾತನಾಡಿಸಿ, ಕೆಲವು ದಿನ ಆಶ್ರಯ ಕೊಟ್ಟು, ವಿಳಾಸ ಹುಡುಕಿ, ಮನೆಗೆ ಮುಟ್ಟಿಸುವುದು ಅದರ ಕ್ರಮ. ಬಹುಕಾಲ ನಿಲ್ದಾಣದಲ್ಲಿಯೇ ಕಳೆದು ವ್ಯಸನಕ್ಕೆ ಬಿದ್ದ ಮಕ್ಕಳಿಗಾಗಿ ಸುಮಾರು ಒಂದು ತಿಂಗಳ ಶಿಬಿರಗಳನ್ನು ಅದು ನಡೆಸಿತು. ಆಟ, ಹಾಡು, ನಿಯಮಿತವಾದ ಊಟ ಮತ್ತು ನಿದ್ರೆ, ಹಿರಿಯರೊಡನೆ ಮಾತುಕತೆ ಇವುಗಳಿಂದ ಮಗುವಿನ ಮನಸ್ಸು ಸ್ವಲ್ಪ ಸ್ವಲ್ಪವಾಗಿ ಮನೆಯ ಕಡೆಗೆ ತಿರುಗುತ್ತದೆ. ಕಡೆಗೆ ತಾಯಿತಂದೆಗಳನ್ನು ಅಲ್ಲಿಗೇ ಕರೆಸಿ ಮಕ್ಕಳನ್ನು ಒಪ್ಪಿಸಲಾಗುತ್ತದೆ. 1996ರಲ್ಲಿ ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಪ್ರಯೋಗವಾಗಿ ಆರಂಭವಾದ 1098 ಎಂಬ ಮಕ್ಕಳ ಸಹಾಯವಾಣಿಯು ದೇಶವ್ಯಾಪಿಯಾಗಿ ಬೆಳೆಯಿತು. 2023ರಲ್ಲಿ ಅದರ ನಿರ್ವಹಣೆಯು ಸರ್ಕಾರದ ಕೈಗೆ ಬಂದರೂ ಸಂಖ್ಯೆಯು ಮಾತ್ರ ಅದೇ ಆಗಿದೆ.

ದೇಶದ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2015ರ ಬಾಲನ್ಯಾಯ ಕಾಯಿದೆಯು ಮಗುವಿನ ಪಾಲನೆಯ ಮೊದಲ ಹೊಣೆ ಕುಟುಂಬದ್ದೆಂದೂ, ಪ್ರತಿಯೊಂದು ಮಗುವಿಗೂ ತನ್ನ ಕುಟುಂಬವನ್ನು ಮರಳಿ ಸೇರುವ ಹಕ್ಕಿದೆಯೆಂದೂ, ಸಂಸ್ಥೆಯಲ್ಲಿ ಇರಿಸುವುದು ಎಲ್ಲ ದಾರಿಗಳನ್ನು ಯೋಚಿಸಿದ ಮೇಲಿನ ಕಡೆಯ ಉಪಾಯವೆಂದೂ ತನ್ನ ಮೂಲತತ್ತ್ವಗಳಲ್ಲಿಯೇ ಸಾರಿದೆ. ರಕ್ಷಣೆ ಬೇಕಾದ ಮಗುವನ್ನು, ಪ್ರಯಾಣದ ಕಾಲವನ್ನು ಬಿಟ್ಟು, 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅಧ್ಯಕ್ಷರನ್ನೂ ನಾಲ್ವರು ಸದಸ್ಯರನ್ನೂ ಒಳಗೊಂಡ ಈ ಸಮಿತಿಯು ಮಗುವಿನ ಮನೆಯ ಸ್ಥಿತಿಯನ್ನು ವಿಚಾರಣೆ ಮಾಡಿಸಿ, ಹೆತ್ತವರು ಪಾಲನೆಗೆ ತಕ್ಕವರೆಂದು ಕಂಡ ಬಳಿಕವೇ ಒಪ್ಪಿಸಲು ಆದೇಶಿಸುತ್ತದೆ. ಮಗುವಿನ ಊರು ಬೇರೆ ಜಿಲ್ಲೆಯಲ್ಲೋ ಬೇರೆ ರಾಜ್ಯದಲ್ಲೋ ಇದ್ದರೆ ಅಲ್ಲಿಯ ಸಮಿತಿಗೆ ಕಳುಹಿಸುವ ವ್ಯವಸ್ಥೆಯೂ ಉಂಟು. ಬಡತನವೊಂದನ್ನೇ ಕಾರಣವಾಗಿಟ್ಟು ಮಗುವನ್ನು ಕುಟುಂಬದಿಂದ ಬೇರ್ಪಡಿಸಬಾರದೆಂದು 2009ರ ವಿಶ್ವಸಂಸ್ಥೆಯ ಮಾರ್ಗಸೂಚಿಯೂ ಹೇಳುತ್ತದೆ.

ಇಲ್ಲಿ ಧರ್ಮಸಂಸ್ಥೆಗಳು ಗಮನಿಸಬೇಕಾದ ಒಂದು ಅಂಶವಿದೆ. ಮನೆ ಬಿಟ್ಟ ಮಗು ಅನ್ನ ಸಿಗುವಲ್ಲಿಗೆ ಹೋಗುತ್ತದೆ. ರೈಲು ನಿಲ್ದಾಣದಂತೆಯೇ ಕ್ಷೇತ್ರಗಳ ಭೋಜನಶಾಲೆ, ಜಾತ್ರೆಯ ಅಂಗಳ, ಧರ್ಮಶಾಲೆಯ ಜಗಲಿ ಇವು ಅಂತಹ ತಾಣಗಳು. ಒಂಟಿಯಾದ ಮಗುವೊಂದು ಮೂರು ದಿನ ಪಂಕ್ತಿಯಲ್ಲಿ ಕುಳಿತು ಉಂಡರೆ ಬಡಿಸುವವರಿಗೆ ಮರುಕ ಹುಟ್ಟುತ್ತದೆ. ‘ಇಲ್ಲಿಯೇ ಇರಲಿ’ ಎನ್ನುತ್ತಾರೆ. ಮರುಕವು ಒಳ್ಳೆಯದೇ. ಆದರೆ ಕುಟುಂಬದಿಂದ ಬೇರ್ಪಟ್ಟ ಮಗುವನ್ನು ಕಂಡ ಸಂಸ್ಥೆಯು 24 ಗಂಟೆಗಳೊಳಗೆ ಸಹಾಯವಾಣಿಗೋ ಪೊಲೀಸರಿಗೋ ಸಮಿತಿಗೋ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೋ ತಿಳಿಸಲೇಬೇಕೆಂಬುದು ಕಾನೂನು. ತಿಳಿಸದಿರುವುದು ಅಪರಾಧ. ನೋಂದಣಿಯಿಲ್ಲದೆ ಇಂತಹ ಮಕ್ಕಳನ್ನು ಇಟ್ಟುಕೊಳ್ಳುವ ಸಂಸ್ಥೆಯನ್ನು ನಡೆಸಿದರೆ ಅದರ ಮುಖ್ಯಸ್ಥರಿಗೆ ಒಂದು ವರ್ಷದವರೆಗಿನ ಸೆರೆವಾಸ, ಅಥವಾ ಕನಿಷ್ಠ 1 ಲಕ್ಷ ರೂಪಾಯಿ ದಂಡ, ಅಥವಾ ಎರಡೂ ವಿಧಿಸಬಹುದು. ಕಾನೂನಿನ ಭಯಕ್ಕಾಗಿ ಮಾತ್ರ ಇದನ್ನು ಪಾಲಿಸಬೇಕೆಂದಲ್ಲ. ಯಾರಿಗೂ ತಿಳಿಸದೆ ಇಟ್ಟುಕೊಂಡ ಮಗುವನ್ನು ಹುಡುಕುತ್ತಿರುವ ತಾಯಿಗೆ ಆ ಕರುಣೆಯೇ ಹಿಂಸೆಯಾಗುತ್ತದೆ.

ವ್ಯಾಪಾರಸ್ಥರಲ್ಲಿ ಇದೇ ತಪ್ಪಿನ ಇನ್ನೊಂದು ರೂಪವಿದೆ. ದಿಕ್ಕಿಲ್ಲದ ಹುಡುಗನನ್ನು ಅಂಗಡಿಯಲ್ಲಿಯೋ ಮನೆಗೆಲಸದಲ್ಲಿಯೋ ಇರಿಸಿಕೊಂಡು, ಊಟ ಬಟ್ಟೆ ಕೊಟ್ಟು ಸಾಕುತ್ತಿದ್ದೇವೆಂದು ಹೇಳುವುದುಂಟು. ಹದಿನಾಲ್ಕು ತುಂಬದ ಮಗುವನ್ನು ಯಾವುದೇ ಉದ್ಯೋಗದಲ್ಲಿ ತೊಡಗಿಸಬಾರದೆಂದು 2016ರ ತಿದ್ದುಪಡಿಯ ನಂತರದ ಬಾಲಕಾರ್ಮಿಕ ಕಾಯಿದೆಯು ನಿಷೇಧಿಸಿದೆ. ಶಾಲೆಯ ಹೊತ್ತು ಕಳೆದ ಮೇಲೆ ಸ್ವಂತ ಕುಟುಂಬದ ಕಸುಬಿನಲ್ಲಿ ನೆರವಾಗುವುದಕ್ಕೂ ಕಲಾವಿದ ಬಾಲರಿಗೂ ಮಾತ್ರ ಕಟ್ಟಳೆಗೊಳಪಟ್ಟ ವಿನಾಯಿತಿಯಿದೆ. ಮಗುವು ತೂಗಿಕೊಟ್ಟ ಸರಕಿನ ಲಾಭವನ್ನು ಜಮೆ ಮಾಡಿಕೊಂಡು, ಅದಕ್ಕೆ ಹಾಕಿದ ಅನ್ನವನ್ನು ಧರ್ಮದ ಖಾತೆಯಲ್ಲಿ ಖರ್ಚು ಬರೆಯುವುದು ಯಾವ ಲೆಕ್ಕಶಾಸ್ತ್ರಕ್ಕೂ ಒಪ್ಪಿಗೆಯಾಗದು. ಅದು ಅತಿಭಾರಾರೋಪಣವೇ ಹೊರತು ದಾನವಲ್ಲ.

ಹಾಗಾದರೆ ಸಿಕ್ಕ ಮಗುವನ್ನೆಲ್ಲ ಮರುದಿನವೇ ಗಾಡಿ ಹತ್ತಿಸಿ ಕಳುಹಿಸಿಬಿಡುವುದೇ ಧರ್ಮವೇ? ಅಲ್ಲ. ಯಾವ ಭಯದಿಂದ ಓಡಿಬಂದಿತೋ ಅದೇ ಭಯದ ಕೈಗೆ ಮಗುವನ್ನು ಒಪ್ಪಿಸಿದರೆ ಅದು ಹಿಂಸೆಗೆ ನೆರವಾದಂತೆ. ಮನೆಯಲ್ಲಿಯೇ ದೇಹದ ಮೇಲೆ ಅತ್ಯಾಚಾರ ನಡೆದಿದ್ದರೆ, ಹೆತ್ತವರೇ ಮಗುವನ್ನು ಮಾರಿದ್ದರೆ, ಅಥವಾ ಮರಳಿದ ಕ್ಷಣವೇ ಜೀವಕ್ಕೆ ಅಪಾಯವಿದ್ದರೆ ಆ ಮನೆ ಆ ಮಗುವಿಗೆ ಮನೆಯಾಗಿ ಉಳಿದಿಲ್ಲ. ಅಂತಹ ಸಂದರ್ಭದಲ್ಲಿ ಅಜ್ಜಿ, ಸೋದರಮಾವ, ಚಿಕ್ಕಮ್ಮ ಮೊದಲಾದ ಬಂಧುಗಳನ್ನು ಹುಡುಕಬೇಕು. ಅವರೂ ಇಲ್ಲದಿದ್ದರೆ ಕಾಯಿದೆಯು ಒಪ್ಪಿದ ಪೋಷಕ ಕುಟುಂಬವನ್ನು ನೋಡಬೇಕು. ಅದೂ ದೊರೆಯದಿದ್ದಾಗ ಒಳ್ಳೆಯ ನಿಲಯವು ಬೇಕೇ ಬೇಕು. ಆವಾಸದಾನಕ್ಕೆ ನಿಜವಾದ ಪಾತ್ರರು ಇವರು. ನಿಲಯಗಳನ್ನು ಮುಚ್ಚಬೇಕೆಂಬ ವಾದವು ಇಲ್ಲಿಲ್ಲ. ಮನೆಗೆ ಮರಳಬಹುದಾದವರು ಅಲ್ಲಿ ತುಂಬಿಕೊಂಡರೆ, ಮರಳಲಾಗದವರಿಗೆ ಜಾಗವೂ ಸಿಗುವುದಿಲ್ಲ, ಗಮನವೂ ಸಿಗುವುದಿಲ್ಲ.

ಯಾವ ಮಗು ಮರಳಬೇಕು, ಯಾವುದು ಮರಳಬಾರದು ಎಂಬುದನ್ನು ತಿಳಿಯುವುದು ಹೇಗೆ? ಅನೇಕಾಂತವು ಬರಿಯ ವಿದ್ವತ್ಸಭೆಯ ಮಾತಾಗದೆ ಬಾಳಿಗೆ ಒದಗಬೇಕಾದ ಸ್ಥಳವಿದು. ತಂದೆ ‘ತಿದ್ದಲೆಂದು ಒಂದೇಟು ಕೊಟ್ಟೆ’ ಎನ್ನುತ್ತಾನೆ. ಮಗು ‘ಸಾಯಿಸುತ್ತಾನೆಂದು ಹೆದರಿದೆ’ ಎನ್ನುತ್ತದೆ. ತಾಯಿಗೆ ಎರಡೂ ಗೊತ್ತಿದ್ದು ಬಾಯಿ ತೆರೆಯಲಾರಳು. ನೆರೆಯವರಿಗೆ ನಾಲ್ಕನೆಯದೊಂದು ಸಂಗತಿ ತಿಳಿದಿರುತ್ತದೆ. ಒಬ್ಬರ ಮಾತನ್ನೇ ಹಿಡಿದು ತೀರ್ಮಾನಿಸಿದವನು ಒಂದೇ ನಯವನ್ನು ಪೂರ್ಣಸತ್ಯವೆಂದು ಹಿಡಿದಂತೆ. ಆದರೆ ಎಲ್ಲರ ಮಾತಿಗೂ ಸಮನಾದ ಬಲವಿದೆಯೆಂದು ತಿಳಿಯುವುದೂ ತಪ್ಪು. ಇಲ್ಲಿ ತೀರ್ಪಿನ ಫಲವನ್ನು ಮೈಮೇಲೆ ಅನುಭವಿಸಬೇಕಾದದ್ದು ಮಗುವೊಂದೇ. ಅದರ ಮಾತನ್ನು ಏಕಾಂತದಲ್ಲಿ, ಹೆತ್ತವರ ಕಣ್ಣಿಗೆ ಬೀಳದಂತೆ ಕೇಳಬೇಕು. ಹೋಗುವುದಿಲ್ಲವೆಂದು ಮಗು ಹಟ ಹಿಡಿದರೆ ಅದಕ್ಕೊಂದು ಕಾರಣವಿದೆಯೆಂದು ಮೊದಲು ನಂಬಿ, ಆಮೇಲೆ ವಿಚಾರಿಸಬೇಕು.

ಹೆತ್ತವರ ವಿಷಯದಲ್ಲಿಯೂ ಒಂದು ಮಾತು ಹೇಳಬೇಕಾಗಿದೆ. ಅವರನ್ನು ದುಷ್ಟರೆಂದು ನಿಂದಿಸುವುದು ಸುಲಭ. ರಾಯಚೂರು, ಯಾದಗಿರಿ, ಕಲಬುರಗಿ ಜಿಲ್ಲೆಗಳಿಂದ ಮಳೆಯಿಲ್ಲದ ತಿಂಗಳುಗಳಲ್ಲಿ ಬೆಂಗಳೂರು, ಮುಂಬಯಿ, ಪುಣೆ, ಹೈದರಾಬಾದುಗಳಿಗೆ ದುಡಿಯಲು ಹೋಗುವ ಕುಟುಂಬಗಳು ಮಕ್ಕಳನ್ನು ಮುದುಕರ ಬಳಿ ಬಿಟ್ಟು ಹೋಗುತ್ತವೆ, ಇಲ್ಲವೆ ಶಾಲೆ ಬಿಡಿಸಿ ಕರೆದೊಯ್ಯುತ್ತವೆ. ಎರಡರಲ್ಲಿಯೂ ಮಗು ಕೈತಪ್ಪುವ ಸಂಭವವಿದೆ. ಕಳೆದುಹೋದ ಮಗನಿಗಾಗಿ ಕೂಲಿ ಬಿಟ್ಟು, ಸಾಲ ಮಾಡಿ, ನಿಲ್ದಾಣದಿಂದ ನಿಲ್ದಾಣಕ್ಕೆ ಅಲೆದ ತಂದೆಯರೂ ಇದ್ದಾರೆ. ಹೊಡೆದ ಕೈಯೂ ಹುಡುಕಿದ ಕಾಲೂ ಒಬ್ಬನವೇ ಆಗಿರಬಹುದು. ತಪ್ಪಿ ನಡೆದವರಲ್ಲಿ ದ್ವೇಷವಿಲ್ಲದ ಮಾಧ್ಯಸ್ಥ್ಯಭಾವವನ್ನು ತಾಳಬೇಕೆಂಬ ಉಪದೇಶಕ್ಕೆ ಇಲ್ಲಿ ಅರ್ಥ ಬರುತ್ತದೆ. ಅಂತಹ ತಂದೆಯನ್ನು ಕೂರಿಸಿ ಮಾತನಾಡಿಸಿ, ಇನ್ನು ಕೈಯೆತ್ತುವುದಿಲ್ಲವೆಂದು ಒಪ್ಪಿಸಿ, ಒಪ್ಪಿದಂತೆ ನಡೆಯುತ್ತಿದ್ದಾನೆಯೇ ಎಂದು ಮತ್ತೆ ಮತ್ತೆ ಹೋಗಿ ನೋಡುವವರಿದ್ದರೆ ಮನೆಯು ಬದಲಾಗುವ ಸಾಧ್ಯತೆಯಿದೆ.

ಮಗುವನ್ನು ಬಾಗಿಲಿಗೆ ಮುಟ್ಟಿಸುವುದರಿಂದ ಕೆಲಸವು ಮುಗಿಯುವುದಿಲ್ಲ. ಅರ್ಧ ಕೆಲಸ ಅಲ್ಲಿಂದ ಆರಂಭವಾಗುತ್ತದೆ. ಮೊದಲ ವಾರದ ಅಕ್ಕರೆ ಕಳೆದ ಮೇಲೆ ಹಳೆಯ ಸಾಲ, ಹಳೆಯ ಕುಡಿತ, ಹಳೆಯ ಕೋಪಗಳು ತಲೆಯೆತ್ತುತ್ತವೆ. ಓಣಿಯಲ್ಲಿ ‘ಓಡಿಹೋದವನು’ ಎಂಬ ಹೆಸರು ಬಿದ್ದಿರುತ್ತದೆ. ಹುಡುಗಿಯಾದರೆ ಆ ಹೆಸರು ಇನ್ನೂ ಕಠೋರವಾದದ್ದು. ಅವಳು ಎಲ್ಲಿದ್ದಳು, ಯಾರೊಡನಿದ್ದಳು ಎಂಬ ಪ್ರಶ್ನೆಗಳೇ ಅವಳನ್ನು ಮತ್ತೆ ಹೊರಗೆ ದೂಡಬಲ್ಲವು. ಶಾಲೆಯಲ್ಲಿ ಜೊತೆಯವರು ಮುಂದಿನ ತರಗತಿಗೆ ಹೋಗಿರುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಆರರಿಂದ ಹದಿನಾಲ್ಕರೊಳಗಿನ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿಯನ್ನು ಕೊಡಬೇಕು. ಆದರೆ ಅದನ್ನು ಕೇಳಿ ಪಡೆಯಲು ಅನಕ್ಷರಸ್ಥ ಹೆತ್ತವರ ಜೊತೆ ಒಬ್ಬರು ಹೋಗಬೇಕಾಗುತ್ತದೆ. ಕಷ್ಟದಲ್ಲಿರುವ ಕುಟುಂಬದ ಮಗುವಿಗೆ ತಿಂಗಳಿಗೆ 4,000 ರೂಪಾಯಿಯ ಪ್ರಾಯೋಜಕತ್ವದ ನೆರವನ್ನು 2022ರ ಮಿಷನ್ ವಾತ್ಸಲ್ಯದ ಮಾರ್ಗಸೂಚಿಯು ಗೊತ್ತುಪಡಿಸಿದೆ. ಅದಕ್ಕೂ ಅರ್ಜಿ, ಬ್ಯಾಂಕ್ ಖಾತೆ, ಆದಾಯ ಪ್ರಮಾಣಪತ್ರ, ಕಚೇರಿಗೆ ಅಲೆದಾಟ ಇವೆಲ್ಲ ಉಂಟು. ಇಷ್ಟಕ್ಕೂ ಜೊತೆಗೆ ನಿಲ್ಲುವವರಿಲ್ಲದೆ ಹೋದರೆ ಮಗು ಮತ್ತೆ ಅದೇ ಗಾಡಿ ಹತ್ತುತ್ತದೆ. ಎರಡನೆಯ ಸಲ ಓಡಿಬಂದ ಮಗುವನ್ನು ನಂಬಿಸುವುದು ಮೊದಲಿಗಿಂತ ಬಹಳ ಕಷ್ಟ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ, ಸ್ಥಿತಿಕರಣ, ವಾತ್ಸಲ್ಯ ಎಂಬ ಮೂರು ಒಂದರ ಬಳಿಕ ಒಂದು ಬರುತ್ತವೆ. ಮೂಲದಲ್ಲಿ ಇವು ಧರ್ಮಮಾರ್ಗದಲ್ಲಿರುವವರಿಗೆ ಸಂಬಂಧಿಸಿದವು. ದೋಷವನ್ನು ಮುಚ್ಚುವುದು, ಜಾರುತ್ತಿರುವವನನ್ನು ಮರಳಿ ನೆಲೆನಿಲ್ಲಿಸುವುದು, ಕರುವಿನ ಮೇಲೆ ಹಸುವಿಗಿರುವಂಥ ಪ್ರೀತಿಯನ್ನು ತೋರುವುದು ಎಂಬುದೇ ಇವುಗಳ ಭಾವ. ಸಾಧರ್ಮಿಕರಲ್ಲಿ ಅಭ್ಯಾಸವಾದ ಗುಣವು ಪರರ ಮಗುವಿನ ಬಳಿ ಬಂದಾಗ ಮರೆಯಾಗಬೇಕಾದ ಕಾರಣವಿಲ್ಲ. ಮರಳಿ ಬಂದ ಮಗುವಿಗೆ ಊರವರು ಮಾಡಬಹುದಾದ ಮೊದಲ ಉಪಕಾರವು ಹಳೆಯದನ್ನು ಕೆದಕದಿರುವುದು. ಸ್ಮರಣ ಸಂಚಿಕೆಯಲ್ಲಿ ರಕ್ಷಿತ ಬಾಲಕರೆಂದು ಭಾವಚಿತ್ರ ಅಚ್ಚುಹಾಕಿಸುವ ರೂಢಿಯನ್ನು ಧರ್ಮಸಂಸ್ಥೆಗಳು ಬಿಡಬೇಕು. ಅಂತಹ ಮಗುವಿನ ಗುರುತನ್ನು ಬಹಿರಂಗಪಡಿಸುವುದನ್ನು ಬಾಲನ್ಯಾಯ ಕಾಯಿದೆಯ 74ನೆಯ ಕಲಮು ನಿಷೇಧಿಸಿದೆ. ಕಾನೂನು ಇಂದು ಹೇಳುವ ಈ ಮಾತು ಉಪಗೂಹನದ ಹೆಸರಿನಲ್ಲಿ ಶ್ರಾವಕರಿಗೆ ಹಿಂದಿನಿಂದಲೂ ಪರಿಚಿತವಾದದ್ದೇ ಆಗಿದೆ.

‘ಅವರವರ ಕರ್ಮ ಅವರವರಿಗೆ, ಮಧ್ಯೆ ಬರಲು ಇತರರು ಯಾರು?’ ಎಂಬ ಆಕ್ಷೇಪವೂ ಕೇಳಿಬರುತ್ತದೆ. ಕರ್ಮಸಿದ್ಧಾಂತವು ತನ್ನ ಬಾಳನ್ನು ತಿದ್ದಿಕೊಳ್ಳುವುದಕ್ಕಾಗಿ ಇರುವುದು. ಪರರ ದುಃಖದಿಂದ ಮುಖ ತಿರುಗಿಸುವುದಕ್ಕೆ ಅದನ್ನು ನೆಪಮಾಡಿಕೊಂಡರೆ ಸಿದ್ಧಾಂತಕ್ಕೇ ಅಪಚಾರ. ಉದಯಕ್ಕೆ ಬಂದ ಕರ್ಮವು ಫಲ ಕೊಡುವಲ್ಲಿ ಬಾಹ್ಯನಿಮಿತ್ತಗಳೂ ಸೇರುತ್ತವೆಂದು ಶಾಸ್ತ್ರವೇ ಹೇಳುತ್ತದೆ. ಮಗುವನ್ನು ಕರೆದೊಯ್ಯುವ ವಂಚಕನು ಒಂದು ನಿಮಿತ್ತವಾಗಬಲ್ಲನಾದರೆ, ಮನೆಗೆ ಮುಟ್ಟಿಸುವ ಸಜ್ಜನನೂ ನಿಮಿತ್ತವಾಗಬಲ್ಲನು. ಎರಡರಲ್ಲಿ ಯಾವುದಾಗಬೇಕು, ಅಥವಾ ಸುಮ್ಮನೆ ನೋಡುತ್ತ ನಿಲ್ಲಬೇಕೇ ಎಂಬುದು ದಾರಿಹೋಕನ ಸ್ವಂತ ಕರ್ಮಬಂಧಕ್ಕೆ ಸೇರಿದ ವಿಷಯ.

ಇನ್ನು ಹಣದ ವಿಚಾರ. ದಾನದ ವೈಶಿಷ್ಟ್ಯವು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕನ್ನು ಅವಲಂಬಿಸಿದೆಯೆಂದು ತತ್ತ್ವಾರ್ಥಸೂತ್ರ ತಿಳಿಸುತ್ತದೆ. ಈ ಕಾರ್ಯದಲ್ಲಿ ಪಾತ್ರವು ಮಗುವೊಂದೇ ಅಲ್ಲ, ಅದರ ಕುಟುಂಬವೂ ಹೌದು. ವಿಧಿಯು ಕಾನೂನಿನ ಕ್ರಮ ಮತ್ತು ತಾಳ್ಮೆಯ ವಿಚಾರಣೆ. ದ್ರವ್ಯವೆಂದರೆ ಗಾಡಿಯ ಟಿಕೆಟ್ಟು, ಹೆತ್ತವರು ಬಂದು ಹೋಗುವ ಖರ್ಚು, ದೂರವಾಣಿ, ಹಳ್ಳಿಹಳ್ಳಿಗೆ ಹೋಗುವ ಕಾರ್ಯಕರ್ತನ ಸಂಬಳ, ವ್ಯಸನ ಬಿಡಿಸುವ ವೈದ್ಯನ ಶುಲ್ಕ, ಒಂದು ಹೊಲಿಗೆ ಯಂತ್ರ, ಎರಡು ವರ್ಷದ ಶಾಲಾ ವೆಚ್ಚ. ಇವು ಒಂದೊಂದೂ ಸಣ್ಣ ಮೊತ್ತ. ಇವುಗಳಲ್ಲಿ ಯಾವುದರ ಮೇಲೂ ಹೆಸರು ಕೆತ್ತಿಸಲಾಗದು. ಆದುದರಿಂದಲೇ ಇವುಗಳಿಗೆ ದಾನಿಗಳು ದೊರೆಯುವುದು ಕಷ್ಟ, ಕಟ್ಟಡಕ್ಕೆ ದೊರೆಯುವುದು ಸುಲಭ. ಕಟ್ಟಡ ನಿಂತ ಮೇಲೆ ಅದನ್ನು ತುಂಬಬೇಕೆಂಬ ಒತ್ತಡವೂ ಹುಟ್ಟುತ್ತದೆ. ಹಾಸಿಗೆ ಖಾಲಿಯಿದ್ದರೆ ವರದಿಯಲ್ಲಿ ನಷ್ಟದಂತೆ ಕಾಣುತ್ತದೆ. ವಾಸ್ತವದಲ್ಲಿ ಮಗುವೊಂದು ಮನೆಯಲ್ಲಿ ನೆಲೆನಿಂತು ಖಾಲಿಯಾದ ಹಾಸಿಗೆಯೇ ಇಂತಹ ಸಂಸ್ಥೆಯ ಲಾಭ. ಈ ಒಂದು ವಿಷಯದಲ್ಲಿ ವ್ಯಾಪಾರದ ಲೆಕ್ಕವನ್ನು ತಿರುಗಿಸಿ ಓದಬೇಕು.

ದಾತೃವಿನ ಗುಣಕ್ಕೂ ಇಲ್ಲಿಯೇ ಪರೀಕ್ಷೆ. ನಿಲಯದ ಮಗು ಪ್ರತಿವರ್ಷ ವಾರ್ಷಿಕೋತ್ಸವದಲ್ಲಿ ಕೈಮುಗಿದು ನಿಲ್ಲುತ್ತದೆ. ದಾನಿಗೆ ಅದರಿಂದ ಸಂತೋಷ. ಮನೆಗೆ ಮರಳಿದ ಮಗುವಾದರೋ ದಾನಿಯನ್ನು ಮರೆತುಬಿಡುತ್ತದೆ. ತಂದೆ ತಂದ ಅನ್ನವನ್ನು ಉಂಡು, ತಾಯಿಯ ಮೇಲೆ ಮುನಿದು, ತಂಗಿಯೊಡನೆ ಜಗಳವಾಡಿ, ಎಲ್ಲ ಮಕ್ಕಳಂತೆ ಬೆಳೆಯುತ್ತದೆ. ತನ್ನನ್ನು ಮರೆಯುವುದಕ್ಕೆ ಬಿಡುವ ದಾನ ಇದು. ಫಲಾಪೇಕ್ಷೆಯಿಲ್ಲದ ದಾನವೆಂದು ಪ್ರವಚನಗಳಲ್ಲಿ ಕೇಳಿದ್ದನ್ನು ಆಚರಿಸಲು ಇದಕ್ಕಿಂತ ತಕ್ಕ ಅವಕಾಶವು ಸುಲಭವಾಗಿ ಸಿಗುವುದಿಲ್ಲ.

ಟ್ರಸ್ಟುಗಳು ಮಾಡಬಹುದಾದದ್ದು ಬಹಳ ದೊಡ್ಡದೇನೂ ಅಲ್ಲ. ಭೋಜನಶಾಲೆಯಲ್ಲಿಯೂ ಧರ್ಮಶಾಲೆಯಲ್ಲಿಯೂ 1098ರ ಸಂಖ್ಯೆಯನ್ನು ಕಾಣುವಂತೆ ಬರೆಸಿ, ಒಂಟಿ ಮಗುವನ್ನು ಕಂಡರೆ ಏನು ಮಾಡಬೇಕೆಂಬುದನ್ನು ಸಿಬ್ಬಂದಿಗೆ ತಿಳಿಸಬಹುದು. ವಾರ್ಷಿಕ ಆಯವ್ಯಯದಲ್ಲಿ ವಿದ್ಯಾರ್ಥಿವೇತನಕ್ಕೆ ಇರುವಂತೆ, ಮರಳಿ ಮನೆ ಸೇರಿದ ಮಕ್ಕಳ ಕುಟುಂಬಗಳ ನೆರವಿಗೆಂದು ಒಂದು ಖಾತೆಯನ್ನು ತೆರೆದು, ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಸಲಹೆಯಂತೆ ವಿನಿಯೋಗಿಸಬಹುದು. ಸಮಾಜದ ಶಿಕ್ಷಕರು, ವೈದ್ಯರು, ವಕೀಲರು ತಿಂಗಳಿಗೊಂದು ದಿನವನ್ನು ಇದಕ್ಕೆ ಕೊಡಬಹುದು. ಈಗಾಗಲೇ ನಿಲಯವನ್ನು ನಡೆಸುತ್ತಿರುವ ಸಂಸ್ಥೆಗಳು ಪ್ರತಿ ಮಗುವಿನ ಕಡತವನ್ನೂ ತೆರೆದು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಈ ಮಗುವಿಗೆ ಮನೆಯವರು ಯಾರಾದರೂ ಇದ್ದಾರೆಯೇ? ಅವರನ್ನು ಕೊನೆಯ ಸಲ ಹುಡುಕಿದ್ದು ಯಾವಾಗ? ಮರಳಲು ಅಡ್ಡಿಯಾಗಿರುವುದು ನಿಜವಾದ ಭಯವೇ, ಅಥವಾ ನೀಗಿಸಬಹುದಾದ ಬಡತನವೇ? ಮೂರನೆಯ ಪ್ರಶ್ನೆಗೆ ಬಡತನವೆಂಬ ಉತ್ತರ ಬಂದ ಕಡೆಯಲ್ಲೆಲ್ಲ, ನಿಲಯದಲ್ಲಿ ಆ ಮಗುವಿಗೆ ತಗಲುವ ವೆಚ್ಚವನ್ನು ಅದರ ಮನೆಗೆ ಮುಟ್ಟಿಸುವ ದಾರಿಯನ್ನು ಹುಡುಕುವುದು ಆಡಳಿತ ಮಂಡಲಿಯ ಕರ್ತವ್ಯವಾಗಿರುತ್ತದೆ.